ಜಪಾನಿನ ಬುತ್ತಿಗೆ ಬ್ಯಾರನ್ ಹದ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಹುಣಸೂರಿನ ಹೊರವಲಯದ ಹಳೇ ಸಾಮಿಲ್ಲಿನ ಗೇಟಿನ ಮುಂದೆ ಹಾಲಿನ ವ್ಯಾನೊಂದು ನಿಲ್ಲುತ್ತದೆ. ಹಿಂಬದಿಯಲ್ಲಿ ಕ್ಯಾನುಗಳ ನಡುವೆ ಕೂತಿದ್ದ ಹೆಂಗಸೊಬ್ಬರು ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಇಳಿಯುತ್ತಾರೆ. ಮಾಗಿಯ ಮಂಜು ಇನ್ನೂ ಹರಿದಿಲ್ಲ. ಗೇಟಿನ ಸರಪಳಿ ಕೈಗೆ ತಣ್ಣಗೆ ಕೊರೆಯುತ್ತದೆ. ಬೀಗ ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಅವರು ಒಳಗಿನ ದೊಡ್ಡ ಹಜಾರದ ಬಾಗಿಲು ತಳ್ಳುತ್ತಾರೆ. ದೀಪ ಹಾಕುವುದಿಲ್ಲ. ಕತ್ತಲಲ್ಲೇ ಎರಡು ಹೆಜ್ಜೆ ಇಟ್ಟು ನಿಂತು, ಮೂಗಿನಿಂದ ಒಮ್ಮೆ ನಿಧಾನವಾಗಿ ಉಸಿರೆಳೆದುಕೊಳ್ಳುತ್ತಾರೆ. ಬಲಗೈಯ ಹಿಂಬದಿಯನ್ನು ಗಾಳಿಗೆ ಒಡ್ಡುತ್ತಾರೆ.

ಆಮೇಲೆ ಮೂಲೆಯ ಮರದ ತಡಿಕೆಯ ಹಿಂದೆ ಹೋಗುತ್ತಾರೆ. ಅಲ್ಲಿ ದಾರದಲ್ಲಿ ಒಂದು ತಂಬಾಕಿನ ಎಲೆ ತೂಗುತ್ತಿದೆ. ಬ್ಯಾರನ್ನಿನಲ್ಲಿ, ಅಂದರೆ ಹೊಗೆಸೊಪ್ಪು ಬೇಯಿಸುವ ಒಲೆಮನೆಯಲ್ಲಿ, ಬೆಂದು ನಿಂಬೆಯ ಬಣ್ಣಕ್ಕೆ ತಿರುಗಿದ ಮೊಳದುದ್ದದ ಎಲೆ. ಅದರ ಅಂಚನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಮಡಿಸುತ್ತಾರೆ. ಎಲೆ ಸದ್ದಿಲ್ಲದೆ ಬಟ್ಟೆಯಂತೆ ಮಡಿಚಿಕೊಳ್ಳುತ್ತದೆ.

"ಐವತ್ತಾರು, ಐವತ್ತೇಳು ಇರ್ಬೋದು" ಎನ್ನುತ್ತಾರೆ ತಮಗೆ ತಾವೇ. ಆಮೇಲಷ್ಟೇ ದೀಪ ಹಾಕಿ ಗೋಡೆಯ ಮೇಲಿನ ತೇವಮಾಪಕದ ಕಡೆ ನೋಡುತ್ತಾರೆ. ಐವತ್ತಾರು.

"ನೀನೂ ಅದ್ನೇ ಯೋಳ್ತಿದ್ದೀಯ ಬುಡು" ಎಂದು ಆ ಯಂತ್ರಕ್ಕೆ ಹೇಳಿ ಪೊರಕೆ ತೆಗೆದುಕೊಳ್ಳುತ್ತಾರೆ.

ಇವರು ಮಲ್ಲಾಜಮ್ಮ. ವಯಸ್ಸು ಐವತ್ತೊಂಬತ್ತು. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಕಡೆಯ ಹಳ್ಳಿಯವರು. ಕೆಲಸದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಸ್ವಚ್ಛತೆ' ಎಂದಷ್ಟೇ ಇದೆ. ಆದರೆ ಈ ಹಜಾರದ ಗಾಜಿನ ಕಪಾಟುಗಳಲ್ಲಿರುವ ನಲವತ್ತಾರು ಜಪಾನಿ ಪಾತ್ರೆಗಳು ಇವತ್ತು ಹಾಳಾಗದೆ ಉಳಿದಿದ್ದರೆ ಅದಕ್ಕೆ ಕಾರಣ ಇವರ ಎರಡು ಬೆರಳು.

ಸಾಮಿಲ್ಲಿನಲ್ಲಿ ಈಗ ಮರ ಕೊಯ್ಯುವುದಿಲ್ಲ. ಮಾಲೀಕರಾದ ನೀಲಕಂಠಸ್ವಾಮಿ ಗರಗಸ ನಿಲ್ಲಿಸಿ ಹನ್ನೆರಡು ವರ್ಷವಾಯಿತು. ಅವರ ಮಗಳು ಪುಷ್ಪಾ ಕಲೆ ಓದಿದವರು, ಎರಡು ವರ್ಷ ಜಪಾನಿನ ಕಡಲತೀರದ ಊರೊಂದರಲ್ಲಿದ್ದು ಅಲ್ಲಿಯ ಪಾತ್ರೆಗಳ ಮೆರುಗಿನ ಕೆಲಸ ಕಲಿತವರು. ತಂದೆಯನ್ನು ಒಪ್ಪಿಸಿ ಈ ಕಟ್ಟಡವನ್ನು ಕಲಾ ಸಂಗ್ರಹಾಲಯ ಮಾಡಿದ್ದಾರೆ. ಬಾಗಿಲ ಮೇಲೆ 'ಲಕ್ಷ್ಮಣತೀರ್ಥ ಕಲಾ ಸಂಗ್ರಹಾಲಯ' ಎಂಬ ಹೆಸರಿದೆ. ಊರಿನವರ ಬಾಯಲ್ಲಿ ಅದು ಇನ್ನೂ ಸಾಮಿಲ್ಲೇ. ಮುಂದಿನ ಹಜಾರದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಈಗಿನ ಕಲಾವಿದರ ಕೆಲಸಗಳಿವೆ. ಹಿಂದಿನದರಲ್ಲಿ ಜಪಾನಿನ ಪಾತ್ರೆಗಳು.

ಮುಂದಿನ ಹಜಾರಕ್ಕೆ ಕಾಲಿಟ್ಟರೆ ಮೊದಲು ಕಾಣುವುದು ಸೂರಿನಿಂದ ಇಳಿಬಿದ್ದ ಸಾವಿರದ ಇನ್ನೂರು ಕಡ್ಡಿಗಳು. ತಂಬಾಕಿನ ಎಲೆಯನ್ನು ಸಾಲಾಗಿ ಕಟ್ಟಿ ಬ್ಯಾರನ್ನಿನೊಳಗೆ ಏರಿಸುವ ಕಡ್ಡಿಗಳು ಅವು. ಚುಂಚನಕಟ್ಟೆಯ ಕಲಾವಿದೆ ಶಾಂತಲಾ ಹಳ್ಳಿ ಹಳ್ಳಿ ತಿರುಗಿ ಹಳೆಯ ಕಡ್ಡಿಗಳನ್ನು ಸಂಗ್ರಹಿಸಿ, ಒಂದೊಂದಕ್ಕೂ ದಾರ ಸುತ್ತಿ ನೇತುಹಾಕಿದ್ದಾರೆ. ಗಾಳಿ ಬೀಸಿದರೆ ಇಡೀ ಸೂರು ಮೆಲ್ಲಗೆ ಅಲುಗುತ್ತದೆ.

ಅದನ್ನು ಮೊದಲ ಸಲ ನೋಡಿದಾಗ ಮಲ್ಲಾಜಮ್ಮ ನಕ್ಕುಬಿಟ್ಟಿದ್ದರಂತೆ. "ಅಲ್ಲ ಕಣವ್ವ, ನಾನು ಇಪ್ಪತ್ತಾರು ವರ್ಸ ಕಟ್ಟಿದ್ ಕಡ್ಡೀನ ನೋಡಕ್ಕೆ ಮೈಸೂರಿಂದ ಜನ ಬತ್ತಾರಲ್ಲ ಅಂದೆ. ಆಮ್ಯಾಕೆ ಯೋಳ್ದೆ, ಗಂಟು ಸರಿ ಇಲ್ಲ, ಇಂಗೆ ಕಟ್ಟಿದ್ರೆ ಸೊಪ್ಪು ಜಾರ್ಕಂಡ್ ಒಲೆ ಮ್ಯಾಲೆ ಬೀಳ್ತದೆ ಅಂತ." ಶಾಂತಲಾ ಬೇಸರಪಟ್ಟುಕೊಳ್ಳಲಿಲ್ಲ. ಇಬ್ಬರೂ ಜೊತೆಗೆ ಕೂತು ನಾಲ್ಕು ದಿನ ಸಾವಿರದ ಇನ್ನೂರು ಗಂಟುಗಳನ್ನು ಬಿಚ್ಚಿ ಮತ್ತೆ ಕಟ್ಟಿದರು.

ಹಿಂದಿನ ಹಜಾರದ ಮುಂದೆ ಮಾತ್ರ ಅವರಿಗೆ ನಗು ಬರಲಿಲ್ಲ. ಪೆಟ್ಟಿಗೆಗಳನ್ನು ಬಿಚ್ಚಿದ ದಿನ ಮೊದಲು ಹೊರಗೆ ಬಂದದ್ದು ಒಂದು ಕಪ್ಪು ಬಟ್ಟಲು. ಅದರ ಮೇಲೆ ಚಿತ್ರವಿಲ್ಲ, ಬಂಗಾರದ ಗೆರೆಯಿಲ್ಲ. ಬರೀ ಕಪ್ಪು. ಪುಷ್ಪಾ ಅದನ್ನು ಬಿಳಿ ಬಟ್ಟೆಯ ಮೇಲಿಟ್ಟು ಸರಿದು ನಿಂತರು. ನೆಲ ಒರೆಸುತ್ತಿದ್ದ ಮಲ್ಲಾಜಮ್ಮ ತಲೆಯೆತ್ತಿ ನೋಡಿದರು, ಬಟ್ಟೆ ಹಿಂಡುವುದನ್ನು ಮರೆತು ಕೂತರು.

"ಬಾವಿ ಬಗ್ಗಿ ನೋಡ್ದಂಗಾಯ್ತು. ಮ್ಯಾಲೆ ನನ್ ಮೊಕ ಕಾಣ್ತದೆ, ಅದ್ರ ಕೆಳಗೆ ಇನ್ನೂ ಏನೋ ಅದೆ, ಅದ್ರ ಕೆಳಗೂ ಅದೆ. ಕಪ್ಪು ಅಂದ್ರೆ ಮಸಿ ಅಂದ್ಕಂಡಿದ್ದೆ ನಾನು. ಕಪ್ಪಿಗೂ ಅಷ್ಟು ಆಳ ಇರ್ತದಾ?"

ಅದು ಮರದ ಸೊನೆಯಿಂದ ಬಂದ ಕಪ್ಪು ಎಂದು ಪುಷ್ಪಾ ವಿವರಿಸಿದರು. ಜಪಾನಿನಲ್ಲಿ ಉರುಶಿ ಎಂಬ ಮರವಿದೆ. ನಮ್ಮ ಮಾವು, ಗೇರಿನ ದೂರದ ಬಳಗ. ಅದರ ತೊಗಟೆ ಗೀರಿ ಸೊನೆ ಇಳಿಸುತ್ತಾರೆ. ಒಂದು ಮರ ತನ್ನ ಬದುಕಿನಲ್ಲಿ ಕೊಡುವುದು ಒಂದು ಲೋಟದಷ್ಟು ಮಾತ್ರ. ತೆಳ್ಳಗೆ ಕಡೆದ ಮರದ ಪಾತ್ರೆಗೆ ಆ ಸೊನೆಯನ್ನು ಸವರಿ, ಒಣಗಿಸಿ, ಉಜ್ಜಿ, ಮತ್ತೆ ಸವರುತ್ತಾರೆ. ಮೂವತ್ತು, ನಲವತ್ತು ಸಲ. ಒಂದು ಬಟ್ಟಲಿಗೆ ವರ್ಷ ಹಿಡಿಯುವುದುಂಟು. ಹಸಿ ಸೊನೆ ಚರ್ಮಕ್ಕೆ ತಾಕಿದರೆ ಗುಳ್ಳೆಯೇಳುತ್ತದೆ.

ಅಲ್ಲಿದ್ದ ವಸ್ತುಗಳಲ್ಲೆಲ್ಲ ಮಲ್ಲಾಜಮ್ಮನ ಕಣ್ಣು ನೆಟ್ಟಿದ್ದು ಒಂದರ ಮೇಲೊಂದು ಕೂರುವ ಐದು ಅಂತಸ್ತಿನ ಊಟದ ಪೆಟ್ಟಿಗೆಯ ಮೇಲೆ. ಹೊರಗೆ ಕಪ್ಪು, ಒಳಗೆ ಕುಂಕುಮದ ಕೆಂಪು, ಮುಚ್ಚಳದ ಮೇಲೆ ಬಂಗಾರದ ಪುಡಿಯಲ್ಲಿ ಬರೆದ ಹುಲ್ಲಿನ ಗರಿಗಳು. ನೂರ ನಲವತ್ತು ವರ್ಷ ಹಳೆಯದು. ಹೊಸ ವರ್ಷದ ದಿನ ಮನೆಮಂದಿಯ ಊಟ ಅದರಲ್ಲಿ ಬರುತ್ತಿತ್ತಂತೆ. ಮಲ್ಲಾಜಮ್ಮ ಅದನ್ನು 'ಬುತ್ತಿ' ಎಂದು ಕರೆದರು. ಈಗ ಎಲ್ಲರೂ ಹಾಗೇ ಕರೆಯುತ್ತಾರೆ.

ಈ ಎಲ್ಲ ಪಾತ್ರೆಗಳೂ ಪುಷ್ಪಾ ಅವರಿಗೆ ಕೆಲಸ ಕಲಿಸಿದ ಸಚಿಕೊ ಎಂಬ ಹಿರಿಯರ ಮನೆಯವು. ಭೂಕಂಪದಲ್ಲಿ ಅವರ ಮನೆ ಉರುಳಿತು. ಉಗ್ರಾಣದ ಒಂದು ಗೋಡೆ ಮಾತ್ರ ನಿಂತಿತ್ತು, ಅದರ ಮಗ್ಗುಲಲ್ಲಿ ಈ ಪೆಟ್ಟಿಗೆಗಳು ಉಳಿದಿದ್ದವು. ಮನೆ ಮತ್ತೆ ಕಟ್ಟುವವರೆಗೆ ಇವನ್ನು ಇಡಲು ಜಾಗವಿಲ್ಲದಾಗ ಅವರು ತಮ್ಮ ಶಿಷ್ಯೆಗೆ ಬರೆದರು: ಕತ್ತಲಲ್ಲಿ ಕೂಡಿಡುವ ಬದಲು ನಿಮ್ಮ ಊರಿನವರು ನೋಡಲಿ, ಹತ್ತು ತಿಂಗಳು ಇಟ್ಟುಕೊಳ್ಳಿ.

ಹೀಗೆ ಉರುಳಿದ ಮನೆಯಿಂದ ಬದುಕಿ ಉಳಿದ ಪಾತ್ರೆಗಳು ಹುಣಸೂರಿಗೆ ಬಂದವು.

ಮಲ್ಲಾಜಮ್ಮ ಕಸಬರಿಕೆ ಹಿಡಿದು ಇಲ್ಲಿಗೆ ಬಂದದ್ದು ಐದು ವರ್ಷದ ಹಿಂದೆ. ಅದಕ್ಕೆ ಮುಂಚಿನ ಬದುಕೆಲ್ಲ ಹೊಗೆಸೊಪ್ಪಿನದು. ಮದುವೆಯಾಗಿ ಬಂದ ವರ್ಷವೇ ಕಡ್ಡಿ ಕಟ್ಟಲು ಕೂತರು. ಇಬ್ಬನಿಯಲ್ಲಿ ನೆಂದ ಹಸಿ ಸೊಪ್ಪನ್ನು ಅಪ್ಪಿಕೊಂಡು ಹೊತ್ತರೆ ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತಿ ವಾಂತಿಯಾಗುತ್ತಿತ್ತು. ಅಂಗೈಗೆ ಮೆತ್ತಿದ ಕಪ್ಪು ಅಂಟು ಸೀಗೆಪುಡಿಗೂ ಬಿಡುತ್ತಿರಲಿಲ್ಲ. "ಮೊದಲ್ನೇ ವರ್ಸ ಊಟ ಮಾಡಿದ್ ಅನ್ನವೆಲ್ಲ ಕಹಿ ಕಣ್ರೀ. ಅತ್ತೆ ಯೋಳೋರು, ಕೈಗೆ ಅಂಟು ಕೂತ್ರೆ ಆಮ್ಯಾಕೆ ಗೊತ್ತಾಗಕಿಲ್ಲ ಅಂತ."

ಗಂಡ ದಾಸಯ್ಯ ಬ್ಯಾರನ್ ಕಾಯುವವರು. ಊರಿನ ಆರು ಬ್ಯಾರನ್ನುಗಳಿಗೆ ಅವರೇ ಬೇಕಿತ್ತು. ಒಮ್ಮೆ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿಯಿತು. ಆಗ ಒಳಗೆ ಸೊಪ್ಪು ಏರಿಸಿ ಎರಡನೇ ದಿನ. ಒಲೆ ಬಿಟ್ಟರೆ ಇಡೀ ಬ್ಯಾರನ್ ಹಾಳು. ದಾಸಯ್ಯ ಮಲಗಿದ್ದಲ್ಲಿಂದಲೇ ಹೇಳಿದರು, ಮಲ್ಲಾಜಮ್ಮ ಸೌದೆ ಹಾಕಿದರು. ಹೆಂಗಸು ಬ್ಯಾರನ್ ಕಾಯುವುದೇ ಎಂದು ಊರವರು ಆಡಿಕೊಂಡರು. ಐದನೇ ದಿನ ಬಾಗಿಲು ತೆಗೆದಾಗ ಸೊಪ್ಪು ಬಂಗಾರದಂತೆ ಬಂದಿತ್ತು. ಆಡಿಕೊಂಡವರೇ ಮುಂದಿನ ವಾರ ಕರೆಯಲು ಬಂದರು.

ಆವತ್ತಿನಿಂದ ಹನ್ನೊಂದು ವರ್ಷ ಅವರು ಬ್ಯಾರನ್ ಕಾದರು. ಸೊಪ್ಪು ಹಳದಿಗೆ ತಿರುಗುವವರೆಗೆ ಒಳಗೆ ತೇವ ಉಳಿಯಬೇಕು. ಆಮೇಲೆ ಕಾವು ಏರಿಸಿ ತೇವ ಹೊರಗೆ ಬಿಡಬೇಕು. ಬೆಂದು ಗರಿಗರಿಯಾದ ಸೊಪ್ಪನ್ನು ಹಾಗೇ ಮುಟ್ಟಿದರೆ ಪುಡಿ. ಬಾಗಿಲು ಕಿಂಡಿ ತೆರೆದು, ನೆಲಕ್ಕೆ ನೀರು ಚಿಮುಕಿಸಿ, ಅದು ಮತ್ತೆ ಗಾಳಿಯ ತೇವ ಕುಡಿದು ಮೆತ್ತಗಾಗುವವರೆಗೆ ಕಾಯಬೇಕು. ಅದಕ್ಕೆ ಹದಕ್ಕೆ ಬರುವುದು ಎನ್ನುತ್ತಾರೆ. "ಗಾಜಿನ ಕಡ್ಡಿ ಕಾವು ಯೋಳ್ತದೆ ಅಷ್ಟೆಯ. ಹದ ಯೋಳೋದು ಕೈಯಿ" ಎಂಬುದು ಉಷ್ಣಮಾಪಕದ ಬಗ್ಗೆ ದಾಸಯ್ಯನವರ ಮಾತು. ಅವರು ಈಗ ಕೋಲೂರಿ ನಡೆಯುತ್ತಾರೆ. ಹೆಂಡತಿಯ ಕೆಲಸದ ಬಗ್ಗೆ ಕೇಳಿದರೆ ಬಾಗಿಲ ಕಡೆ ನೋಡಿಕೊಂಡು, "ನಂಗಿಂತ ಅವಳ ಕೈ ಚುರುಕು. ಅದ ಅವಳ ಮುಂದೆ ಯೋಳ್ಬ್ಯಾಡಿ" ಎನ್ನುತ್ತಾರೆ.

ಪ್ರದರ್ಶನ ಶುರುವಾದದ್ದು ಜೂನ್‌ನಲ್ಲಿ. ಮಳೆಗಾಲದಲ್ಲಿ ಪಾತ್ರೆಗಳಿಗೆ ಬೂಷ್ಟು ಹಿಡಿದೀತೆಂದು ಎಲ್ಲರಿಗೂ ಹೆದರಿಕೆ. ಸಂಗ್ರಹಾಲಯದ ವ್ಯವಸ್ಥಾಪಕ ಮಹದೇವಪ್ರಸಾದ್ ಗಾಳಿಯ ತೇವ ಹೀರುವ ಯಂತ್ರವೊಂದನ್ನು ತರಿಸಿ ಹಿಂದಿನ ಹಜಾರದಲ್ಲಿ ಇರಿಸಿದರು. ಹಗಲೂ ರಾತ್ರಿ ಅದು ಗುಂಯ್‌ಗುಡುತ್ತಿತ್ತು. ಗೋಡೆಯ ಮಾಪಕ ಐವತ್ತೈದು ತೋರಿಸುತ್ತಿತ್ತು. ಇಂಥ ಪಾತ್ರೆಗಳಿಗೆ ಅದು ಹೇಳಿಮಾಡಿಸಿದ ಅಂಕಿ. ಎಲ್ಲರೂ ನೆಮ್ಮದಿಯಾಗಿದ್ದರು.

ಮಲ್ಲಾಜಮ್ಮನಿಗೆ ಮಾತ್ರ ಹಜಾರದೊಳಗೆ ಹೋದರೆ ತುಟಿ ಬಿರಿಯುತ್ತಿತ್ತು. ಆಗಸ್ಟಿನ ಒಂದು ಬೆಳಿಗ್ಗೆ ಕೆಲಸ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳಲು ಕೂತು, ಅಷ್ಟು ಹೊತ್ತೂ ಹಿಂದಿನ ಹಜಾರದ ಮೂಲೆಯಲ್ಲಿಟ್ಟಿದ್ದ ಸಂಚಿ ಬಿಚ್ಚಿದರು. ಬೆಳಿಗ್ಗೆ ಮನೆಯಿಂದ ಹೊರಟಾಗ ಮೆತ್ತಗಿದ್ದ ಹೊಗೆಸೊಪ್ಪಿನ ಎಸಳು ಬೆರಳಿಗೆ ಸಿಕ್ಕಿದ್ದೇ ಪುಡಿಪುಡಿಯಾಯಿತು. ಹೊರಗೆ ಸೋನೆ ಮಳೆ. ಅಂಗಳದ ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಆರಿರಲಿಲ್ಲ.

ಅವರು ಪುಷ್ಪಾ ಬಳಿ ಹೋಗಿ, "ಪುಷ್ಪವ್ವ, ಈ ಮನೆ ಒಣಗೋಗದೆ ಕಣವ್ವ" ಎಂದರು. ಪುಷ್ಪಾ ಮಾಪಕ ತೋರಿಸಿದರು. ಐವತ್ತೈದು. ಮಲ್ಲಾಜಮ್ಮ ಮತ್ತೆ ಪೊರಕೆ ಹಿಡಿದರು.

ಮೂರನೇ ದಿನ, ಕಪಾಟಿನ ಗಾಜು ಒರೆಸುವಾಗ, ಬುತ್ತಿಯ ಎರಡನೇ ಅಂತಸ್ತಿನ ಮೂಲೆಯಲ್ಲಿ ಅವರಿಗೊಂದು ಗೆರೆ ಕಂಡಿತು. ತಲೆಗೂದಲಿಗಿಂತ ಸಣ್ಣದು. ಹಳದಿಯಲ್ಲೇ ಹದಿನಾಲ್ಕು ಬಗೆ ಗುರುತಿಸಿ ಸೊಪ್ಪು ವಿಂಗಡಿಸಿದ ಕಣ್ಣು ಅದು. ಓಡಿಹೋಗಿ ಹೇಳಿದರು. ಪುಷ್ಪಾ ಬಂದು ಭೂತಗಾಜು ಹಿಡಿದು ನೋಡಿ ಬಿಳಿಚಿಕೊಂಡರು. ಗೆರೆಯ ಎರಡೂ ಕಡೆ ಮೆರುಗು ಸಣ್ಣಗೆ ಎದ್ದಿತ್ತು.

ನೂರ ನಲವತ್ತು ವರ್ಷ ಬಾಳಿ, ಭೂಕಂಪ ದಾಟಿ ಬಂದ ಪಾತ್ರೆ ಹುಣಸೂರಿಗೆ ಬಂದು ಬಿರುಕು ಬಿಟ್ಟಿತ್ತು.

ಗೆರೆಯನ್ನು ಮೊದಲು ಕಂಡವರ ಮೇಲೇ ಅನುಮಾನ ಬಂತು. ಮಹದೇವಪ್ರಸಾದ್ ಕೇಳಿದರು, "ನಿಜ ಹೇಳಿ, ಒದ್ದೆ ಬಟ್ಟೆಯಲ್ಲಿ ಒರೆಸಿದ್ರಾ? ಕೈ ಜಾರ್ತಾ? ಹೇಳಿದ್ರೆ ಯಾರೂ ಬೈಯಲ್ಲ."

"ನಾನು ಆ ಬುತ್ತೀನ ಇದುವರ್ಗೂ ಮುಟ್ಟೇ ಇಲ್ಲ ಸ್ವಾಮಿ. ಮುಟ್ಬೇಕು ಅಂತ ಆಸೆ ಅದೆ, ಸುಳ್ಳು ಯಾಕೆ ಯೋಳ್ಳಿ. ಮುಟ್ಟಿಲ್ಲ."

ಮರುದಿನದಿಂದ ಅವರನ್ನು ಅಂಗಳದ ಕೆಲಸಕ್ಕೆ ಹಾಕಿದರು. ಒಳಗಿನ ಹಜಾರದ ಬೀಗದಕೈ ವಾಪಸು ತೆಗೆದುಕೊಂಡರು. ಆ ದಿನಗಳ ಬಗ್ಗೆ ಮಲ್ಲಾಜಮ್ಮ ಹೆಚ್ಚು ಮಾತಾಡುವುದಿಲ್ಲ. ಪುಷ್ಪಾ ಮಾತಾಡುತ್ತಾರೆ. "ಅವರು ನನ್ನ ಮುಖ ನೋಡಿದ್ರು. ನಾನು ಏನೂ ಹೇಳ್ಲಿಲ್ಲ. ನನಗೆ ಆಗ ಸಚಿಕೊ ಅವರಿಗೆ ಹೇಗೆ ತಿಳಿಸೋದು ಅನ್ನೋದೊಂದೇ ಚಿಂತೆ. ಆ ಸುಮ್ಮನಿದ್ದದ್ದು ಈಗಲೂ ಚುಚ್ಚುತ್ತೆ."

ಮನೆಯಲ್ಲಿ ದಾಸಯ್ಯ ಹೇಳಿದರು, "ಬುಡು, ಯಾರದೋ ದೇಸದ ಸಾಮಾನು. ನಿಂಗ್ಯಾಕೆ?"

"ಅದು ಒಡ್ದೋಯ್ತದಲ್ಲ" ಎಂದರಂತೆ ಮಲ್ಲಾಜಮ್ಮ. ಅವಮಾನಕ್ಕಿಂತ ಹೆಚ್ಚಾಗಿ ಅವರನ್ನು ಕಾಡುತ್ತಿದ್ದುದು ಅದು. ಒಳಗೆ ಯಂತ್ರ ಗುಂಯ್‌ಗುಡುತ್ತಲೇ ಇತ್ತು, ಮತ್ತು ಅದನ್ನು ಕೇಳಿಸಿಕೊಂಡು ಅವರು ಹೊರಗೆ ತರಗು ಗುಡಿಸುತ್ತಿದ್ದರು.

ಐದನೇ ದಿನ ಅವರು ನೆರೆಯ ಬ್ಯಾರನ್ನಿನಿಂದ ಆವತ್ತಷ್ಟೇ ಹದಕ್ಕೆ ಬಂದ ಎರಡು ಸೊಪ್ಪನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಬಂದರು. ನೇರವಾಗಿ ಪುಷ್ಪಾ ಮುಂದೆ ಬಿಚ್ಚಿದರು.

"ಇವೆರಡೂ ಒಂದೇ ಕಡ್ಡೀವು. ಮುಟ್ಟಿ ನೋಡಿ, ಎರಡೂ ಒಂದೇ ಹದ. ಒಂದ ಪಡಸಾಲೇಲಿ ನೇತಾಕಿ, ಒಂದ ಒಳಗೆ ನೇತಾಕಿ. ನಾನು ಬಾಗ್ಲು ದಾಟಕಿಲ್ಲ, ನೀವೇ ಆಕಿ. ಮಧ್ಯಾನ ಊಟದ ಒತ್ಗೆ ತಗೀರಿ."

ಮಹದೇವಪ್ರಸಾದ್ ನಕ್ಕರು. ಪುಷ್ಪಾ ನಗಲಿಲ್ಲ. ಎಲೆಗಳನ್ನು ಅವರೇ ನೇತುಹಾಕಿದರು.

ಮಧ್ಯಾಹ್ನ ಒಂದೂವರೆಗೆ ಮೂವರೂ ಪಡಸಾಲೆಯಲ್ಲಿ ನಿಂತರು. ಹೊರಗಿನ ಎಲೆಯನ್ನು ಪುಷ್ಪಾ ಬೆರಳಿಗೆ ಸುತ್ತಿದರು. ಅದು ರೇಷ್ಮೆ ದಾರದಂತೆ ಸುತ್ತಿಕೊಂಡಿತು. ಒಳಗಿನ ಎಲೆಯನ್ನು ತಂದು ಹಾಗೇ ಸುತ್ತಲು ಹೋದರು. ಚರ್ ಎಂದಿತು. ಅಂಗೈ ತುಂಬ ಹಳದಿ ಪುಡಿ.

ಮಹದೇವಪ್ರಸಾದ್ ಒಳಗೆ ಹೋಗಿ ಮಾಪಕದ ಮೇಲೆ ಬಾಯಿಂದ ಬಿಸಿಯುಸಿರು ಊದಿದರು. ಅಂಕಿ ಏರಬೇಕಿತ್ತು, ಏರಲಿಲ್ಲ. ಐವತ್ತೈದು. ಮತ್ತೆ ಊದಿದರು. ಐವತ್ತೈದು. ಅದು ಎಂದಿನಿಂದ ಹಾಗೆ ಸಿಕ್ಕಿಕೊಂಡಿತ್ತೋ ಯಾರಿಗೂ ಗೊತ್ತಿರಲಿಲ್ಲ. ಸಂಜೆಯೊಳಗೆ ಮೈಸೂರಿನಿಂದ ಹೊಸದು ತರಿಸಿ ತೂಗುಹಾಕಿದರು. ಅದು ತೋರಿಸಿದ್ದು ಇಪ್ಪತ್ತೆಂಟು. ಯಂತ್ರ ಒಂದೂವರೆ ತಿಂಗಳಿನಿಂದ ಆ ಕೋಣೆಯ ತೇವವನ್ನೆಲ್ಲ ಹೀರಿ, ಪಾತ್ರೆಗಳ ಒಳಗಿನ ಮರವನ್ನು ಕುಗ್ಗಿಸಿತ್ತು. ಮೇಲಿನ ಮೆರುಗು ಅದರ ಜೊತೆ ಕುಗ್ಗಲಾರದೆ ಸೀಳಿತ್ತು.

"ನಾನು ಅವರ ಕ್ಷಮೆ ಕೇಳಿದೆ" ಎನ್ನುತ್ತಾರೆ ಮಹದೇವಪ್ರಸಾದ್. "ಅವರು 'ಅದ ಆಮ್ಯಾಕೆ ಮಾತಾಡನ, ಮೊದಲು ಆ ಗುಂಯ್‌ಗುಡೋದ ನಿಲ್ಸಿ' ಅಂದ್ರು."

ಯಂತ್ರ ನಿಂತಿತು. ಗಾಬರಿಯಲ್ಲಿದ್ದ ಪುಷ್ಪಾ ಕಿಟಕಿಗಳನ್ನೆಲ್ಲ ತೆರೆಯಲು ಓಡಿದರು. ಆಗ ಮಲ್ಲಾಜಮ್ಮ, ಐದು ವರ್ಷದಲ್ಲಿ ಮೊದಲ ಬಾರಿಗೆ, ದನಿ ಎತ್ತರಿಸಿದರು.

"ಬ್ಯಾಡಿ! ಬಾಯಾರ್ದೋರಿಗೆ ಒಟ್ಗೇ ಕೊಡ ನೀರು ಕುಡ್ಸಕಾಯ್ತದಾ? ಒಣಗಿದ್ ಸೊಪ್ಗೆ ಒಂದೇ ಸಲ ತೇವ ಕೊಟ್ರೆ ಕಪ್ಗಾಗಿ ಕೊಳ್ತೋಯ್ತದೆ. ಮೆಲ್ಲುಕ್ಕೆ. ದಿನಕ್ಕೆ ವಸಿ ವಸಿ."

ಮುಂದಿನ ಒಂಬತ್ತು ದಿನ ಹಜಾರ ಅವರ ಕೈಯಲ್ಲಿತ್ತು. ಮೊದಲ ದಿನ ಒಂದೇ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದರು. ಎರಡನೇ ದಿನ ಆರು ಬೆರಳು. ಗಂಟೆಗೊಮ್ಮೆ ಹೊಸ ಎಲೆಯ ಅಂಚು ಮಡಿಸಿ ನೋಡಿದರು. ಹೆಚ್ಚಾಯಿತೆನಿಸಿದರೆ ಮುಚ್ಚಿದರು. ಇಪ್ಪತ್ತೆಂಟು ಮೂವತ್ತೊಂದಾಯಿತು, ಮೂವತ್ತೈದಾಯಿತು. ಪುಷ್ಪಾ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಒಮ್ಮೆಯೂ ಏರಲಿಲ್ಲ. ಜಪಾನಿಗೆ ವಿಷಯ ತಿಳಿಸಿದಾಗ ಸಚಿಕೊ ಕಳಿಸಿದ ಉತ್ತರದಲ್ಲೂ ಅದೇ ಇತ್ತು: ಆತುರ ಬೇಡ, ವಾರಕ್ಕೂ ಹೆಚ್ಚು ಸಮಯ ಕೊಡಿ. ಉತ್ತರ ಬಂದಾಗ ಮಲ್ಲಾಜಮ್ಮ ನಾಲ್ಕನೇ ದಿನದಲ್ಲಿದ್ದರು.

ಒಂಬತ್ತನೇ ದಿನ ಬೆಳಿಗ್ಗೆ ಮಾಪಕ ಐವತ್ತೈದು ತೋರಿಸಿತು. ಬುತ್ತಿಯ ಒಳಗಿನ ಮರ ಮತ್ತೆ ಹಿಗ್ಗಿ ತನ್ನ ಜಾಗಕ್ಕೆ ಬಂದಿತ್ತು. ಎದ್ದಿದ್ದ ಮೆರುಗು ಮಲಗಿತ್ತು. ಗೆರೆ ಉಳಿದಿತ್ತು, ಆದರೆ ಬಾಯಿ ಮುಚ್ಚಿಕೊಂಡಿತ್ತು. ಉಳಿದ ನಲವತ್ತೈದು ಪಾತ್ರೆಗಳಲ್ಲಿ ಒಂದಕ್ಕೂ ಏನೂ ಆಗಿರಲಿಲ್ಲ.

ನವೆಂಬರಿನಲ್ಲಿ ಸಚಿಕೊ ತಾವೇ ಬಂದರು. ಎಪ್ಪತ್ನಾಲ್ಕು ವರ್ಷದ ಸಣಕಲು ಹೆಂಗಸು, ಹತ್ತಿಯ ನೀಲಿ ಅಂಗಿ, ನಡಿಗೆಯಲ್ಲಿ ಒಂದಿಷ್ಟು ಬಾಗು. ಬುತ್ತಿಯನ್ನು ಮೇಜಿನ ಮೇಲಿಟ್ಟುಕೊಂಡು ಮುಕ್ಕಾಲು ಗಂಟೆ ನೋಡಿದರು. ಉಗುರಿನ ತುದಿಯನ್ನು ಗೆರೆಯ ಮೇಲೆ ಅಡ್ಡಲಾಗಿ ಎಳೆದರು. ಉಗುರು ಎಲ್ಲೂ ತಡೆಯಲಿಲ್ಲ. ಆಮೇಲೆ ಪುಷ್ಪಾ ಕಡೆ ತಿರುಗಿ ಏನೋ ಕೇಳಿದರು. ಪುಷ್ಪಾ ಬಾಗಿಲ ಬಳಿ ನಿಂತಿದ್ದ ಮಲ್ಲಾಜಮ್ಮನನ್ನು ತೋರಿಸಿದರು.

ಸಚಿಕೊ ಎದ್ದು ಬಂದು ಮಲ್ಲಾಜಮ್ಮನ ಬಲಗೈಯನ್ನು ತಿರುಗಿಸಿ ಅಂಗೈ ನೋಡಿದರು. ಗೆರೆಗಳಲ್ಲಿ ಇನ್ನೂ ಹೊಗೆಸೊಪ್ಪಿನ ಅಂಟಿನ ಕಪ್ಪು. ಅವರು ತಮ್ಮ ಕೈಯನ್ನು ಅದರ ಪಕ್ಕದಲ್ಲಿಟ್ಟರು. ಉಗುರಿನ ಸಂದಿಯಲ್ಲಿ, ಬೆರಳ ಗೆಣ್ಣುಗಳಲ್ಲಿ ಅದೇ ಕಪ್ಪು, ಸೊನೆಯದು.

"ನಂಗೆ ನಗು ಬಂದ್ಬುಡ್ತು" ಎನ್ನುತ್ತಾರೆ ಮಲ್ಲಾಜಮ್ಮ. "ನಿಮ್ಗೂ ವೋಗಕಿಲ್ವಾ ಅಂದೆ. ಆಯಮ್ಮಂಗೆ ಏನ್ ತಿಳೀತೋ, ಅವ್ರೂ ನಕ್ಕು ಏನೋ ಅಂದ್ರು. ಪುಷ್ಪವ್ವ ಯೋಳ್ತು, ಐವತ್ತು ವರ್ಸ ತೊಳ್ದೆ, ಈಗ ಬುಟ್ಟಿದ್ದೀನಿ ಅಂತವ್ರೆ ಅಂತ."

ಆ ದಿನ ಮಲ್ಲಾಜಮ್ಮನಿಗೆ ಇನ್ನೊಂದು ಸಂಗತಿ ತಿಳಿಯಿತು. ಅದನ್ನು ಹೇಳುವಾಗ ಅವರು ಈಗಲೂ ಕಣ್ಣರಳಿಸುತ್ತಾರೆ. ಈ ಸೊನೆ ಬಿಸಿಲಿಗೆ ಒಣಗುವುದಿಲ್ಲ, ಗಾಳಿಗೂ ಒಣಗುವುದಿಲ್ಲ. ಒದ್ದೆ ಬಟ್ಟೆ ಇಟ್ಟ ಬೀರುವಿನೊಳಗೆ, ತೇವದಲ್ಲೇ ಅದು ಗಟ್ಟಿಯಾಗುತ್ತದೆ. "ನೀರಲ್ಲಿ ಒಣಗೋ ಬಣ್ಣ! ನಾನು ಮೂರ್ ಸಲ ಕೇಳ್ದೆ. ನಾನು ಇಷ್ಟು ದಿನ ತೇವ ಕಳ್ಯಕ್ಕೆ ಒಲೆ ಹಾಕ್ದೆ, ಆಯಮ್ಮ ತೇವ ಕೂಡ್ಸಿ ಒಣಗ್ಸವ್ರೆ. ದೇವ್ರ ಆಟ ನೋಡಿ."

ಮಧ್ಯಾಹ್ನ ಊಟಕ್ಕೆ ಮಲ್ಲಾಜಮ್ಮ ಎಂದಿನಂತೆ ಹಿತ್ತಲ ಜಗಲಿಯಲ್ಲಿ ಡಬ್ಬಿ ಬಿಚ್ಚಿದರು. ರಾಗಿ ಮುದ್ದೆ, ಹುರುಳಿ ಕಾಳಿನ ಬಸ್ಸಾರು. ಸಚಿಕೊ ಪಕ್ಕದಲ್ಲಿ ಬಂದು ಕೂತು, ಚೀಲದಿಂದ ತಾವು ದಿನವೂ ಬಳಸುವ ಬಟ್ಟಲುಗಳಲ್ಲಿ ಎರಡನ್ನು ತೆಗೆದರು. ಒಂದನ್ನು ಮಲ್ಲಾಜಮ್ಮನ ಮುಂದಿಟ್ಟರು. ಮಲ್ಲಾಜಮ್ಮ ಕೈ ಹಿಂದಕ್ಕೆಳೆದುಕೊಂಡರು. ಇದು ನೋಡುವುದಕ್ಕಲ್ಲ, ಉಣ್ಣುವುದಕ್ಕೆ, ಕೈ ತಾಗುತ್ತಿದ್ದರೇ ಇದರ ಹೊಳಪು ಹೆಚ್ಚುವುದು ಎಂದು ಪುಷ್ಪಾ ಅನುವಾದಿಸಿದ ಮೇಲೆ, ಹಿತ್ತಲ ಒಲೆಯ ಮೇಲೆ ಮತ್ತೆ ಕಾಸಿದ ಸಾರನ್ನು ಅದಕ್ಕೆ ಬಗ್ಗಿಸಿದರು. ಎರಡು ಕೈಯಲ್ಲಿ ಎತ್ತಿಕೊಂಡರು.

"ಕುದಿಯೋ ಸಾರು ಕಣ್ರೀ. ಕೈ ಸುಡ್ನೇ ಇಲ್ಲ. ಹಸುಗೂಸಿನ ಕೆನ್ನೆ ಇಡ್ಕಂಡಂಗೆ ಬೆಚ್ಗಿತ್ತು. ತುಟಿಗಿಟ್ರೆ ಅದೂ ಅಂಗೆಯ, ಮೆತ್ಗೆ. ನಾನು ಸಾರು ಕುಡ್ದೆ, ಅಳೂ ಬಂತು. ಆಯಮ್ಮನೂ ಕುಡುದ್ರು. ಖಾರಕ್ಕೆ ಅವ್ರ ಕಣ್ಣಲ್ಲೂ ನೀರು!"

ಈಗ ಜನವರಿ. ಬೆಳಿಗ್ಗೆ ಮಂಜು, ಮಧ್ಯಾಹ್ನಕ್ಕೆ ಚರ್ಮ ಬಿರಿಯುವ ಒಣಗಾಳಿ. ಪಾತ್ರೆಗಳನ್ನು ದಿನಕ್ಕೆ ಎರಡು ಕಾಲ ದಾಟಿಸಬೇಕು. ಕಪಾಟುಗಳ ಕೆಳಗೆ ಹದಿನಾಲ್ಕು ಮಡಕೆಗಳಲ್ಲಿ ಒದ್ದೆ ಮರಳಿದೆ. ಬಿಸಿಲೇರಿದಂತೆ ಒಂದೊಂದರ ಮುಚ್ಚಳ ಸರಿಸುತ್ತಾರೆ, ಸಂಜೆಗೆ ಒಂದೊಂದಾಗಿ ಮುಚ್ಚುತ್ತಾರೆ. ಬೋರ್‌ವೆಲ್ಲಿನಿಂದ ದಿನಕ್ಕೆ ಎಂಟು ಕೊಡ ನೀರು. ಏಳು ಸಲ ಹಜಾರದ ಸುತ್ತು. ಹದಿನೈದು ದಿನಕ್ಕೊಂದು ಹೊಸ ಎಲೆ. ನಾಲ್ಕು ತಿಂಗಳಲ್ಲಿ ಮಾಪಕದ ಅಂಕಿ ಐವತ್ತೆರಡಕ್ಕಿಂತ ಇಳಿದಿಲ್ಲ, ಅರವತ್ತು ದಾಟಿಲ್ಲ. ಹೊಸ ಯಂತ್ರವೊಂದನ್ನು ತರಿಸೋಣವೆಂದು ಮಹದೇವಪ್ರಸಾದ್ ಒಮ್ಮೆ ಕೇಳಿದ್ದರು. ಸಚಿಕೊ ಬರೆದು ತಿಳಿಸಿದರು: ಅಗತ್ಯವಿಲ್ಲ, ಮಲ್ಲಾಜಮ್ಮ ಇದ್ದಾರಲ್ಲ.

ಶಾಲೆಯ ಮಕ್ಕಳು ಬಂದಾಗ ಕಪ್ಪು ಬಟ್ಟಲಿನ ಮುಂದೆ ಅವರನ್ನು ನಿಲ್ಲಿಸುವ ಕೆಲಸವೂ ಈಗ ಇವರದೇ. ಯಾರೂ ಹೇಳಿದ್ದಲ್ಲ, ತಾವಾಗಿಯೇ ಹಚ್ಚಿಕೊಂಡದ್ದು. "ಸುಮ್ಕೆ ನಿಂತ್ಕಂಡ್ ನೋಡಿ, ಮಾತಾಡ್ಬ್ಯಾಡಿ" ಎನ್ನುತ್ತಾರೆ. ಎನ್. ಬೇಗೂರಿನಿಂದ ಬಂದಿದ್ದ ಮಕ್ಕಳ ಗುಂಪೊಂದು ಗಲಾಟೆ ಮಾಡುತ್ತ ಒಳಬಂದು, ಈ ಬಟ್ಟಲಿನ ಮುಂದೆ ಸಾಲಾಗಿ ನಿಂತು, ಎರಡು ನಿಮಿಷ ಉಸಿರೆತ್ತಲಿಲ್ಲ.

ಮಾರ್ಚ್ ಕೊನೆಗೆ ಪ್ರದರ್ಶನ ಮುಗಿಯುತ್ತದೆ. ಸಚಿಕೊ ಅವರ ಮನೆಯ ಹೊಸ ಉಗ್ರಾಣಕ್ಕೆ ಛಾವಣಿ ಹಾಕಿಯಾಗಿದೆ. ಪಾತ್ರೆಗಳನ್ನು ಹಗುರ ಮರದ ಪೆಟ್ಟಿಗೆಗಳಲ್ಲಿಟ್ಟು ಕಳಿಸಬೇಕು. ಪ್ಯಾಕಿಂಗ್ ಮಾಡುವವರು ಬೆಂಗಳೂರಿನಿಂದ ಹನ್ನೊಂದು ಗಂಟೆಗೆ ಬರುತ್ತೇವೆ ಎಂದಿದ್ದಾರೆ. ಮಲ್ಲಾಜಮ್ಮ ಇಲ್ಲಿಯವರೆಗೆ ಸಂಗ್ರಹಾಲಯದವರಲ್ಲಿ ಏನನ್ನೂ ಕೇಳಿದವರಲ್ಲ. ಈಗ ಒಂದು ಮಾತು ಕೇಳಿದ್ದಾರೆ. ಪುಷ್ಪಾ ಒಪ್ಪಿದ್ದಾರೆ, ಬೆಂಗಳೂರಿನವರಿಗೆ ಹಿಂದಿನ ದಿನವೇ ಬಂದು ಉಳಿಯಲು ಹೇಳಿದ್ದಾರೆ.

"ಅನ್ನೊಂದು ಗಂಟೆ ಬಿಸಿಲಲ್ಲಿ ಮುಚ್ಚಬ್ಯಾಡಿ ಅಂದೆ. ಒತ್ತಾರೆ ಆರಕ್ಕೆ ಬನ್ನಿ, ಗಾಳಿ ಹದವಾಗಿರ್ತದೆ, ಆಗ ಮುಚ್ಚಳ ಹಾಕಿ ಅಂತ. ಅಷ್ಟು ದೂರ ವೋಗ್ತವೆ, ದಾರೀಲಿ ಬಾಯಾರ್ಬಾರ್ದು." ಮಲ್ಲಾಜಮ್ಮ ಕೊನೆಯ ಮಡಕೆಯ ಮುಚ್ಚಳ ಸರಿಸಿ ಮೇಲೇಳುತ್ತಾರೆ. "ನಮ್ ಉಣಸೂರ ಗಾಳಿ ವಸಿ ಅದ್ರೊಳ್ಗೇ ಕೂತಿರ್ತದೆ. ಆಯಮ್ಮ ಅಲ್ಲಿ ಮುಚ್ಚಳ ತೆಗ್ದಾಗ ತಿಳ್ಕಂತಾರೆ, ಸರಿಯಾದ್ ಒತ್ನಲ್ಲಿ ಕಟ್ಟವ್ರೆ ಅಂತ."